ಟೈರ್ ಮೊದಲು, ಬ್ರೇಕ್ ಕೊನೆಗೆ: ಆಟೋಕ್ರಾಸ್ ಗಾಡಿಗೆ ದುಡ್ಡು ಎಲ್ಲಿ ಹಾಕ್ಬೇಕು

ಇವತ್ತು ಮಾತಾಡೋಕೆ ನೀವು ನನಗೆ ಆಟೋಕ್ರಾಸ್ ಗಾಡಿಯ ಸಸ್ಪೆನ್ಷನ್, ವೀಲು, ಬ್ರೇಕು ಅಂತ ವಿಷಯ ಕೊಟ್ಟಿದೀರ, ಆದ್ರೆ ನಾನು ಅದೇ ಆರ್ಡರಲ್ಲಿ ಹೋಗಲ್ಲ. ಹೊಸದಾಗಿ ಆಟೋಕ್ರಾಸಿಗೆ, ಅಂದ್ರೆ ಸ್ಟಾಪ್‌ವಾಚ್ ಇಟ್ಟು ಸಣ್ಣ ಟ್ರ್ಯಾಕಲ್ಲಿ ಗಾಡಿ ಓಡಿಸೋ ಸ್ಪರ್ಧೆಗೆ, ಬರೋರು ಮೊದಲು ಹಾಕ್ಸೋಕೆ ಹೊರಡೋದು ಕಣ್ಣಿಗೆ ಕಾಣೋ ಐಟಮ್ಮನ್ನ, ದೊಡ್ಡ ಅಲಾಯ್, ಕೆಂಪು ಬಣ್ಣದ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನ ಹಿಡಿಯೋ ಭಾಗ), ಬೆರಳು ತೂರದಷ್ಟು ಇಳಿಸಿರೋ ಗಾಡಿ. ಸ್ಟಾಪ್‌ವಾಚಿಗೆ ಇದ್ಯಾವುದೂ ಕಾಣಲ್ಲ. ಅದಕ್ಕೆ ಗೊತ್ತಾಗೋದು ಟೈರ್ ನೆಲನ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದೆ ಅನ್ನೋದು ಒಂದೇ, ಹಾಗಾಗಿ ನಾನು ಟೈರಿಂದ ಶುರು ಮಾಡಿ ಮೇಲಕ್ಕೆ ಹತ್ತೋಣ ಅಂತಿದೀನಿ.

ಅದಕ್ಕೂ ಮುಂಚೆ ಒಂದು ವಿಷಯ ತೀರ್ಮಾನ ಆಗ್ಬೇಕು, ನೀವು ಓಡಿಸೋದು ಎಲ್ಲಿ? ಅಮೆರಿಕದಲ್ಲಿ ಆಟೋಕ್ರಾಸ್ ಅಂದ್ರೆ ದೊಡ್ಡ ಪಾರ್ಕಿಂಗ್ ಜಾಗದಲ್ಲೋ ಹಳೇ ಏರ್‌ಫೀಲ್ಡಲ್ಲೋ ಕೋನ್ ಇಟ್ಟು ಒಬ್ಬೊಬ್ಬರಾಗಿ ಓಡಿಸೋದು, ಅಲ್ಲಿ ಎಸ್‌ಸಿಸಿಎ ಅನ್ನೋ ಕ್ಲಬ್ಬು ಇದನ್ನ ಸೋಲೋ ಅಂತ ಕರೆಯತ್ತೆ, ಅವರ ನ್ಯಾಷನಲ್ಸ್ ನಡೆಯೋದು ನೆಬ್ರಾಸ್ಕದ ಲಿಂಕನ್‌ನಲ್ಲಿ, ಕಾಂಕ್ರೀಟ್ ಮೇಲೆ. ನಮ್ಮಲ್ಲಿ ಬಹಳಷ್ಟು ಈವೆಂಟ್ ಮಣ್ಣಲ್ಲಿ. ಕೊಡಗಿನ ಕಡೆ ಹೋದೋರಿಗೆ ಗೊತ್ತು, ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆ ಬದು ಸಮ ಮಾಡಿ ಟ್ರ್ಯಾಕ್ ಹಾಕ್ತಾರೆ, ಬೆಳಿಗ್ಗೆ ಗಟ್ಟಿ ಇರೋ ನೆಲ ಮಧ್ಯಾಹ್ನದ ಹೊತ್ತಿಗೆ ಪುಡಿ ಪುಡಿ ಆಗಿ ತಿರುವುಗಳಲ್ಲಿ ಚಕ್ರದ ಗುಂಡಿ ಬಿದ್ದಿರತ್ತೆ. ಈ ಎರಡಕ್ಕೂ ಒಂದೇ ಸೆಟಪ್ ಅಂತ ಯಾರಾದ್ರೂ ಮಾರೋಕೆ ಬಂದ್ರೆ ಕಾಫಿ ಕುಡಿಸಿ ಕಳಿಸ್ಬಿಡಿ. ನಾನು ಮೊದಲು ಡಾಂಬರಿನ ಲೆಕ್ಕ ಹೇಳ್ತೀನಿ, ಮಣ್ಣಲ್ಲಿ ಎಲ್ಲೆಲ್ಲಿ ಬದಲಾಗತ್ತೋ ಅಲ್ಲಲ್ಲೇ ಹೇಳ್ತಾ ಹೋಗ್ತೀನಿ.

ಉದಾಹರಣೆಗೆ ಸ್ವಿಫ್ಟ್ ತಗೊಳ್ಳೋಣ, ಹೊರಗಡೆ ಪಾರ್ಕಿಂಗಲ್ಲಿ ನೋಡ್ಕೊಂಡು ಬಂದೆ, ಅದೇ ಜಾಸ್ತಿ ಇದೆ. 2011ರಲ್ಲಿ ಬಂದ ಎರಡನೇ ತಲೆಮಾರಿನ ಸ್ವಿಫ್ಟ್ ಅನ್ಕೊಳಿ, ಪೆಟ್ರೋಲು, ಡ್ರೈವರ್ ಸೇರಿ ಸುಮಾರು ಒಂದು ಟನ್, ಅದರಲ್ಲಿ ಅರವತ್ತು ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿನೇ ಮುಂದಿನ ಚಕ್ರಗಳ ಮೇಲೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕಪ್ಪು ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರನ ಜೋಡಿಸೋ ತೊಲೆ), ಮುಂದೆ ಡಿಸ್ಕ್, ಹಿಂದೆ ಡ್ರಮ್. ಪೋಲೋ, ಐ20, ಹಳೇ ಹೋಂಡಾ ಸಿಟಿ ಇರೋರಿಗೂ ಹೇಳೋದ್ರಲ್ಲಿ ಬಹುಪಾಲು ಇದೇ ಲೆಕ್ಕ ಅನ್ವಯ ಆಗತ್ತೆ.

ಕಂಪನಿಯಿಂದ ಬರೋ ಟೈರಿನ ಗುರಿ ಮೈಲೇಜು ಮತ್ತೆ ಬಾಳಿಕೆ. ಸೈಡಲ್ಲಿ ಟ್ರೆಡ್‌ವೇರ್ ಅಂತ ಒಂದು ನಂಬರ್ ಇರತ್ತೆ ನೋಡಿ, ನಂಬರ್ ಕಮ್ಮಿ ಆದಷ್ಟು ರಬ್ಬರ್ ಮೆತ್ತಗೆ, ಅಂಟು ಜಾಸ್ತಿ, ಬೇಗ ಸವೆಯತ್ತೆ. ಎಸ್‌ಸಿಸಿಎ ಸ್ಟ್ರೀಟ್ ಕ್ಲಾಸಲ್ಲಿ, ಅಂದ್ರೆ ಹೆಚ್ಚು ಬದಲಾವಣೆ ಮಾಡದ ರೋಡ್ ಗಾಡಿಗಳ ವಿಭಾಗದಲ್ಲಿ, ಈ ನಂಬರ್ 200ಕ್ಕಿಂತ ಕಮ್ಮಿ ಇರೋ ಹಾಗಿಲ್ಲ ಅಂತ ರೂಲೇ ಇದೆ, ಅಂದ್ರೆ ಟೈರ್ ಎಷ್ಟು ದೊಡ್ಡ ವ್ಯತ್ಯಾಸ ಮಾಡತ್ತೆ ಅಂತ ಅವರಿಗೆ ಗೊತ್ತು. ಒಂದು ಲೆಕ್ಕ ಮಾಡಿ ತೋರಿಸ್ತೀನಿ. 70 ಕಿಮೀ ಸ್ಪೀಡಿಂದ ಬ್ರೇಕ್ ಹೊಡೆದು ನಿಲ್ಲಿಸೋಕೆ, ಟೈರಿನ ಹಿಡಿತ 0.9 ಜಿ (1 ಜಿ ಅಂದ್ರೆ ಗಾಡಿಯ ತೂಕದಷ್ಟೇ ಬಲ) ಇದ್ರೆ 21 ಮೀಟರ್ ದಾಟಿ ಸ್ವಲ್ಪ ಬೇಕು, 1 ಜಿ ಇದ್ರೆ 19 ಮೀಟರ್ ದಾಟಿ ಸ್ವಲ್ಪ ಸಾಕು. ಬರೀ ಟೈರ್ ಬದಲಾಯಿಸಿ ಎರಡು ಮೀಟರ್ ಉಳೀತು. ತಿರುವಲ್ಲೂ ಅದೇ ಹಿಡಿತ, ಎಕ್ಸಿಟಲ್ಲೂ ಅದೇ ಹಿಡಿತ. ಬೇರೆ ಯಾವ ಪಾರ್ಟೂ ಹೀಗೆ ಮೂರು ಕಡೆ ಕೆಲಸ ಮಾಡಲ್ಲ.

ಸೈಜ್ ವಿಷಯಕ್ಕೆ ಬರೋಣ, ಇಲ್ಲಿ ಕ್ಯಾಲ್ಕುಲೇಟರ್ ಹಿಡ್ಕೊಳೋದು ಒಳ್ಳೇದು. ಈ ಸ್ವಿಫ್ಟಿನ ಟಾಪ್ ವೇರಿಯಂಟಲ್ಲಿ 185/65 ಆರ್15 ಬರತ್ತೆ (ಅಗಲ 185 ಮಿಮೀ, ಪಕ್ಕದ ಗೋಡೆಯ ಎತ್ತರ ಅದರ 65 ಪರ್ಸೆಂಟ್, ರಿಮ್ 15 ಇಂಚ್), ಟೈರಿನ ಒಟ್ಟು ಎತ್ತರ ಸುಮಾರು 621 ಮಿಮೀ. ಅದೇ ರಿಮ್ಮಿಗೆ 195/55 ಆರ್15 ಹಾಕಿದ್ರೆ 595 ಮಿಮೀ. ಅಗಲ ಹತ್ತು ಮಿಮೀ ಜಾಸ್ತಿ ಆಯ್ತು ಅನ್ನೋದಕ್ಕಿಂತ ಎತ್ತರ 26 ಮಿಮೀ ಕಮ್ಮಿ ಆಯ್ತಲ್ಲ, ಅದು ದೊಡ್ಡದು. ಗೇರಿಂಗ್ ನಾಲ್ಕು ಪರ್ಸೆಂಟ್ ಶಾರ್ಟ್ ಆಯ್ತು, ಸೆಕೆಂಡ್ ಗೇರಲ್ಲಿ ತಿರುವಿಂದ ಗಾಡಿ ಎಳೆಯೋದು ಚುರುಕಾಯ್ತು, ಸ್ಪ್ರಿಂಗ್ ಮುಟ್ಟದೇನೇ ಗಾಡಿ 13 ಮಿಮೀ ಕೆಳಗಿಳೀತು, ಗೋಡೆ ಗಿಡ್ಡ ಆಗಿದ್ರಿಂದ ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗತ್ತೆ. ಸ್ಪೀಡೋಮೀಟರ್ ಸ್ವಲ್ಪ ಜಾಸ್ತಿ ತೋರಿಸತ್ತೆ ಅಷ್ಟೇ, ಕೋರ್ಸಲ್ಲಿ ಅದನ್ನ ನೋಡೋರ್ಯಾರು. ಇದನ್ನ ಬಿಟ್ಟು 17 ಇಂಚ್ ಅಲಾಯ್ ಹಾಕಿದ್ರೆ ತೂಕ ಜಾಸ್ತಿ, ಟೈರ್ ರೇಟ್ ಜಾಸ್ತಿ, ಮೆತ್ತನೆ ರಬ್ಬರಿನ ಆಯ್ಕೆ ಏನೂ ಹೆಚ್ಚಾಗಲ್ಲ.

ಮಣ್ಣಿಗೆ ಇದು ಪೂರ್ತಿ ಉಲ್ಟಾ. ಅಲ್ಲಿ ಟೈರ್ ಮೇಲಿನ ಪುಡಿನ ಸೀಳ್ಕೊಂಡು ಕೆಳಗಿನ ಗಟ್ಟಿ ನೆಲ ಹುಡುಕ್ಬೇಕು, ಅದಕ್ಕೆ ಸಣ್ಣ ಅಗಲ, ಎತ್ತರದ ಗೋಡೆ, ದಪ್ಪ ಗುಬಟು ಇರೋ ರ್‍ಯಾಲಿ ಟೈರ್ ಬೇಕು. 14 ಇಂಚಿನ ಸ್ಟೀಲ್ ರಿಮ್ಮನ್ನ ಗುಜರಿಗೆ ಹಾಕ್ಬೇಡಿ, ಮಣ್ಣಿಗೆ ಅದೇ ಚಿನ್ನ. ಗುಂಡಿಗೆ ಬಿದ್ರೆ ಸ್ಟೀಲ್ ಬಗ್ಗತ್ತೆ, ಸುತ್ತಿಗೆ ತಗೊಂಡು ಅಲ್ಲೇ ಎರಡು ಏಟು ಕೊಟ್ಟು ನೆಟ್ಟಗೆ ಮಾಡ್ಕೊಂಡು ಮುಂದಿನ ರನ್ ಓಡಿಸ್ಬಹುದು, ಕಡಿಮೆ ರೇಟಿನ ಅಲಾಯ್ ಆದ್ರೆ ಬಿರುಕು ಬಿಡತ್ತೆ, ಅವತ್ತಿನ ದಿನ ಅಲ್ಲಿಗೆ ಮುಗೀತು. ಇನ್ನೊಂದು, ಒದ್ದೆ ಗದ್ದೇಲಿ ಓಡಿಸಿದ ಮೇಲೆ ರಿಮ್ಮಿನ ಒಳಗಡೆ ಮಣ್ಣು ಮೆತ್ಕೊಂಡು ಒಣಗತ್ತೆ, ಆಮೇಲೆ ಹೈವೇಲಿ ಸ್ಟೀರಿಂಗ್ ಗಡಗಡ ಅಂದಾಗ ಜನ ಅಲೈನ್‌ಮೆಂಟ್ ಹೋಯ್ತು, ಬೇರಿಂಗ್ ಹೋಯ್ತು ಅಂತ ಗ್ಯಾರೇಜಿಗೆ ಓಡ್ತಾರೆ, ಒಂದು ಸ್ಕ್ರೂಡ್ರೈವರ್ ತಗೊಂಡು ಒಳಗಿನ ಮಣ್ಣು ಕೆರೆದ್ರೆ ಆಯ್ತು.

ಟೈರಿನ ಗಾಳಿ ಬಗ್ಗೆ ಬಿಟ್ಟಿ ಸಲಹೆ ಒಂದು ಕೊಡ್ತೀನಿ. ಟೈರಿನ ಭುಜದ ಮೇಲೆ, ಅಂದ್ರೆ ಪಟ್ಟಿ ಮುಗಿದು ಸೈಡ್‌ವಾಲ್ ಶುರುವಾಗೋ ಅಂಚಲ್ಲಿ, ಸೀಮೆಸುಣ್ಣದಲ್ಲಿ ಮೇಲಿಂದ ಕೆಳಕ್ಕೆ ಗೆರೆ ಎಳೀರಿ, ಮೂರು ನಾಲ್ಕು ಕಡೆ. ಬಹಳ ಟೈರುಗಳಲ್ಲಿ ಆ ಅಂಚಲ್ಲಿ ಪುಟ್ಟ ತ್ರಿಕೋನದ ಗುರುತು ಇರತ್ತೆ. ಒಂದು ರನ್ ಮಾಡ್ಕೊಂಡು ಬಂದು ನೋಡಿ, ಸುಣ್ಣ ತ್ರಿಕೋನದ ತುದಿ ದಾಟಿ ಕೆಳಗಿನ ತನಕ ಅಳಿಸಿ ಹೋಗಿದ್ರೆ ಟೈರ್ ಮಗ್ಗುಲಿಗೆ ಮಡಚ್ಕೊಳ್ತಿದೆ, ಎರಡು ಪಿಎಸ್‌ಐ ಏರಿಸಿ. ತ್ರಿಕೋನದ ಹತ್ರಕ್ಕೂ ಬಂದಿಲ್ಲ ಅಂದ್ರೆ ಗಾಳಿ ಜಾಸ್ತಿ ಆಗಿದೆ, ಇಳಿಸಿ. ಮುಂದೆ ಹಿಂದೆ ಬೇರೆ ಬೇರೆ ಬರತ್ತೆ, ಬರಲಿ.

ವೀಲ್ ಹೆಸರಲ್ಲಿ ಏನು ತಗೊಂಡ್ರೂ ಅದು ಟೈರಿಗೋಸ್ಕರ ತಗೊಳ್ಳೋದು. 195/55 ಟೈರ್ ಐದೂವರೆ ಇಂಚಿಂದ ಏಳು ಇಂಚ್ ಅಗಲದ ರಿಮ್ಮಿನ ತನಕ ಕೂರತ್ತೆ, ಆರೂವರೆ ಇಂಚಿನ ರಿಮ್ಮಿನ ಮೇಲೆ ಕೂರಿಸಿದ್ರೆ ಗೋಡೆ ನೆಟ್ಟಗೆ ನಿಲ್ಲತ್ತೆ, ತಿರುವಲ್ಲಿ ಕಮ್ಮಿ ಒರಗತ್ತೆ. ಹಗುರ ವೀಲ್ ಬಗ್ಗೆ ತುಂಬಾ ಕಥೆ ಓಡಾಡ್ತಿದೆ, ಒಂದು ಕೆಜಿ ಇಳಿಸಿದ್ರೆ ಹತ್ತು ಕೆಜಿ ಇಳಿಸಿದ ಹಾಗೆ ಅಂತ, ಅದೆಲ್ಲ ಸುಳ್ಳು. ತಿರುಗೋ ತೂಕ ಎಷ್ಟೇ ಅಂಚಲ್ಲಿದ್ರೂ ಸ್ಪೀಡ್ ತಗೊಳೋವಾಗ ಹೆಚ್ಚಂದ್ರೆ ಎರಡರಷ್ಟು ಲೆಕ್ಕಕ್ಕೆ ಬರತ್ತೆ. ವೀಲಿಗೆ ಎರಡೆರಡು ಕೆಜಿ ಉಳಿಸಿದ್ರೆ ನಾಲ್ಕಕ್ಕೆ ಎಂಟು, ಎರಡರಷ್ಟು ಅಂದ್ರೂ ಹದಿನಾರು ಕೆಜಿ, ಒಂದು ಟನ್ ಗಾಡೀಲಿ. ಅದರ ನಿಜವಾದ ಲಾಭ ಇರೋದು ಉಬ್ಬು ತಗ್ಗಲ್ಲಿ ಚಕ್ರ ನೆಲ ಬಿಟ್ಟು ಕುಣಿಯೋದು ಕಮ್ಮಿ ಆಗತ್ತಲ್ಲ, ಅದರಲ್ಲಿ.

ಆಫ್‌ಸೆಟ್, ಅಂದ್ರೆ ರಿಮ್ಮಿನ ಮಧ್ಯಗೆರೆಯಿಂದ ಗಾಡಿಗೆ ಕೂರೋ ಮುಖ ಎಷ್ಟು ದೂರ ಅನ್ನೋದನ್ನ, ಅಂಗಡಿಯವರು ಅಷ್ಟಾಗಿ ಹೇಳಲ್ಲ. ಐದೂವರೆಯಿಂದ ಆರೂವರೆಗೆ ಹೋದ್ರಿ, ಆಫ್‌ಸೆಟ್ ಅದೇ ಇತ್ತು ಅಂದ್ರೆ ರಿಮ್ಮು ಒಳಗಡೆಗೆ ಹದಿಮೂರು ಮಿಮೀ ಹತ್ರ ಹೋಗತ್ತೆ, ಹೊರಗಡೆಗೂ ಅಷ್ಟೇ. ಒಳಗಡೆ ಸ್ಟ್ರಟ್ ಇದೆ, ಬೆರಳು ಹಾಕಿ ನೋಡಿ ಜಾಗ ಇದೆಯಾ ಅಂತ. ಜಾಗ ಇಲ್ಲ ಅಂತ ಆಫ್‌ಸೆಟ್ ಕಮ್ಮಿ ಇರೋ ವೀಲ್ ಹಾಕಿ ತೀರಾ ಹೊರಗೆ ತಳ್ಳಿದ್ರೆ ಬೇರಿಂಗಿಗೆ ಹೊರೆ, ಆಕ್ಸಿಲರೇಟರ್ ಒತ್ತಿದಾಗ ಸ್ಟೀರಿಂಗ್ ಕೈಯಿಂದ ಎಳ್ಕೊಂಡು ಹೋಗೋದು ಶುರುವಾಗತ್ತೆ.

ಬೆಂಗಳೂರಿನ ಜೆ.ಸಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ವೀಲ್ ಹುಡುಕೋರು ಸ್ವಲ್ಪ ಇಲ್ಲಿ ಕೇಳಿ. ಸ್ವಿಫ್ಟಿಗೂ ಹಳೇ ಹೋಂಡಾ ಸಿಟಿಗೂ ನಾಲ್ಕು ಬೋಲ್ಟು, 100 ಮಿಮೀ ಪಿಸಿಡಿ (ಬೋಲ್ಟುಗಳು ಕೂರೋ ವೃತ್ತದ ಅಗಲ), ಹಾಗಾಗಿ ವೀಲ್ ಅದಲು ಬದಲು ಕೂರತ್ತೆ. ಕೂರತ್ತೆ ಅಂತ ಹಾಕ್ಕೊಂಡು ಬಂದುಬಿಡ್ತಾರೆ. ಸುಜುಕಿ ಹಬ್ಬಿನ (ವೀಲ್ ಬಿಗಿಯೋ ಭಾಗದ) ಮಧ್ಯದ ಉಬ್ಬು 54.1 ಮಿಮೀ, ಹೋಂಡಾ ವೀಲಿನ ತೂತು 56.1, ಎರಡು ಮಿಮೀ ಆಟ, ಅದಕ್ಕೊಂದು ಹಬ್ ರಿಂಗ್ ಬೇಕು. ಅದಕ್ಕಿಂತ ಅಪಾಯ ನಟ್ಟಿಂದು. ಹೋಂಡಾ ಕಂಪನಿ ವೀಲಲ್ಲಿ ನಟ್ ಕೂರೋ ಜಾಗ ಗೋಲಿ ಥರ ಗುಂಡಗೆ, ಸುಜುಕಿ ನಟ್ಟು ಚೂಪಾಗಿ ಇಳಿಜಾರು. ಚೂಪು ನಟ್ಟನ್ನ ಗುಂಡು ಕುಳೀಲಿ ಕೂರಿಸಿದ್ರೆ ಮುಟ್ಟೋದು ಒಂದು ತೆಳು ಗೆರೆ ಅಷ್ಟೇ, ಸ್ಪ್ಯಾನರಿಗೆ ಟೈಟ್ ಅನ್ಸತ್ತೆ, ಎರಡು ರನ್ ಆದ್ಮೇಲೆ ಸಡಿಲ. ಹೋಂಡಾ ನಟ್ಟು ತಂದು ಹಾಕ್ತೀನಿ ಅಂದ್ರೂ ಆಗಲ್ಲ, ಮರೆ, ಅಂದ್ರೆ ನಟ್ಟಿನ ಥ್ರೆಡ್, ಬೇರೆ, ಸುಜುಕಿದು 1.25, ಹೋಂಡಾದು 1.5. ಸುಜುಕಿ ಮರೆ ಇರೋ ಗುಂಡು ಸೀಟಿನ ನಟ್ಟು ಹುಡುಕಿ ತರ್ಬೇಕು, ಸಿಗ್ಲಿಲ್ಲ ಅಂದ್ರೆ ಆ ವೀಲ್ ಬಿಟ್ಬಿಡಿ.

ಈಗ ಸಸ್ಪೆನ್ಷನ್. ಬಹಳ ಜನಕ್ಕೆ ಇರೋ ನಂಬಿಕೆ ಏನಂದ್ರೆ ಸ್ಪ್ರಿಂಗ್ ಗಟ್ಟಿ ಮಾಡಿದ್ರೆ ತಿರುವಲ್ಲಿ ತೂಕ ಹೊರಗಿನ ಚಕ್ರಕ್ಕೆ ಹೋಗೋದು ನಿಂತುಹೋಗತ್ತೆ ಅಂತ. ನಿಲ್ಲಲ್ಲ. ಎಷ್ಟು ತೂಕ ಆಚೆಗೆ ಹೋಗತ್ತೆ ಅನ್ನೋದು ಗಾಡಿಯ ತೂಕ, ತಿರುವಿನ ಜೋರು, ತೂಕದ ಮಧ್ಯಬಿಂದು ಎಷ್ಟು ಎತ್ತರದಲ್ಲಿದೆ, ಎಡ ಬಲ ಚಕ್ರದ ಅಂತರ ಎಷ್ಟು ಅನ್ನೋದರ ಮೇಲೆ ನಿಂತಿರೋದು, ಅದರಲ್ಲಿ ಸ್ಪ್ರಿಂಗಿನ ಹೆಸರೇ ಇಲ್ಲ. ನಮ್ಮ ಸ್ವಿಫ್ಟಿಗೆ ಮಧ್ಯಬಿಂದು 53 ಸೆಂಮೀ ಎತ್ತರ ಅನ್ಕೊಂಡು 0.9 ಜಿ ತಿರುವಿಗೆ ಲೆಕ್ಕ ಹಾಕಿದ್ರೆ ಸುಮಾರು 330 ಕೆಜಿ ಹೊರಗಡೆಗೆ ಹೋಗತ್ತೆ. ಗಾಡಿನ 30 ಮಿಮೀ ಇಳಿಸಿ, ಈಗೆಷ್ಟು? 310ರ ಹತ್ರ. ಸಿಕ್ಕಿದ್ದು ಹದಿನೈದು ಇಪ್ಪತ್ತು ಕೆಜಿ. ಇಷ್ಟಕ್ಕೆ ಏನು ಕಳ್ಕೊಂಡ್ರಿ ನೋಡಿ, ಸ್ಟ್ರಟ್ ಕುಗ್ಗೋಕಿದ್ದ ಜಾಗ 30 ಮಿಮೀ ಹೋಯ್ತು, ತಿರುವಲ್ಲಿ ಒರಗಿದ ತಕ್ಷಣ ಬಂಪ್ ಸ್ಟಾಪಿಗೆ (ಕೊನೇಲಿ ತಡೆಯೋ ರಬ್ಬರ್ ತುಂಡಿಗೆ) ಬಡಿಯತ್ತೆ, ಬಡಿದ ಕ್ಷಣಕ್ಕೆ ಆ ಮೂಲೆ ಕಲ್ಲಿನ ಹಾಗೆ ಗಟ್ಟಿಯಾಗಿ ಮೂತಿ ನೇರ ಹೋಗ್ಬಿಡತ್ತೆ. ಇಷ್ಟೇ ಅಲ್ಲ, ಮ್ಯಾಕ್‌ಫರ್ಸನ್ ಗಾಡೀಲಿ ಲೋಯರ್ ಆರ್ಮ್ (ಚಕ್ರನ ಕೆಳಗಿಂದ ಹಿಡಿದಿರೋ ತೋಳು) ಕಂಪನಿ ಎತ್ತರದಲ್ಲಿ ಹೆಚ್ಚುಕಮ್ಮಿ ಮಟ್ಟಸ ಇರತ್ತೆ, ಜಾಸ್ತಿ ಇಳಿಸಿದ್ರೆ ಅದರ ಹೊರತುದಿ ಮೇಲಕ್ಕೆದ್ದು ರೋಲ್ ಸೆಂಟರ್, ಅಂದ್ರೆ ಗಾಡಿ ಯಾವ ಬಿಂದು ಸುತ್ತ ಒರಗತ್ತೋ ಅದು, ಗಾಡಿ ಇಳಿದಿದ್ದಕ್ಕಿಂತ ಜಾಸ್ತಿ ಕೆಳಗಿಳಿಯತ್ತೆ, ಆವಾಗ ಇಳಿಸಿದ ಗಾಡಿನೇ ಮೊದಲಿಗಿಂತ ಒರಗೋ ಸಾಧ್ಯತೆ ಇದೆ. ಸ್ಪ್ರಿಂಗ್ ಕಟ್ ಮಾಡ್ಸೋ ವಿಷಯ ನಾನು ಮಾತಾಡೋದೇ ಇಲ್ಲ. ಜಾಕ್ ಹಾಕಿ ಚಕ್ರ ಎತ್ತಿದಾಗ ಸ್ಪ್ರಿಂಗ್ ಸೀಟಿಂದ ಕಳಚಿ ಲಟಲಟ ಅಲ್ಲಾಡೋ ಗಾಡಿನ ಸ್ಕ್ರೂಟಿನಿಲೇ (ಓಟಕ್ಕೆ ಮುಂಚಿನ ತಪಾಸಣೇಲೇ) ವಾಪಸ್ ಕಳಿಸ್ಬೇಕು.

ಹಾಗಾದ್ರೆ ಮೊದಲು ಏನು ಮಾಡ್ಸೋದು? ಅಲೈನ್‌ಮೆಂಟ್. ನಗ್ಬೇಡಿ. ಕಂಪನಿ ಗಾಡೀಲಿ ಮುಂದಿನ ಕ್ಯಾಂಬರ್, ಅಂದ್ರೆ ಎದುರಿಂದ ನೋಡಿದಾಗ ಚಕ್ರದ ವಾಲಿಕೆ, ಸೊನ್ನೆ ಹತ್ರ ಇರತ್ತೆ, ಗಾಡಿ ಒರಗಿದಾಗ ಹೊರಗಿನ ಟೈರ್ ತನ್ನ ಹೊರ ಅಂಚಿನ ಮೇಲೆ ನಿಂತ್ಕೊಂಡು ಒಳ ಅರ್ಧ ಸುಮ್ನೆ ಕೂತಿರತ್ತೆ. ಸ್ಟ್ರಟ್ಟಿನ ಬುಡದಲ್ಲಿ ಎರಡು ಬೋಲ್ಟ್ ಇದೆ, ಅದರಲ್ಲೊಂದನ್ನ ಕ್ಯಾಂಬರ್ ಬೋಲ್ಟಿಗೆ ಬದಲಾಯಿಸಿ ಒಂದರಿಂದ ಒಂದೂವರೆ ಡಿಗ್ರಿ ನೆಗೆಟಿವ್ (ಚಕ್ರದ ತಲೆ ಒಳಗಡೆಗೆ) ತಗೊಂಡ್ರೆ ಟೈರಿನ ಪೂರ್ತಿ ಅಗಲ ಕೆಲಸಕ್ಕೆ ಬರತ್ತೆ. ಟೋ (ಮೇಲಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ಅನ್ನೋದು) ಸೊನ್ನೆ ಇಡಿ, ಇಲ್ಲ ಒಂದೆರಡು ಮಿಮೀ ಔಟ್ ಇಡಿ, ಸ್ಲಾಲಮಲ್ಲಿ, ಅಂದ್ರೆ ಕೋನುಗಳ ಮಧ್ಯೆ ಹಾವಿನ ಥರ ಹೋಗೋವಾಗ, ಮೂತಿ ಬೇಗ ಕೇಳತ್ತೆ, ಹೈವೇಲಿ ಮಾತ್ರ ಗಾಡಿ ಸ್ವಲ್ಪ ಅಲೆದಾಡತ್ತೆ. ಲೋಯರ್ ಆರ್ಮ್ ಬುಷ್ ಹರಿದಿದ್ರೆ ಇದೆಲ್ಲ ದಂಡ, ಅದನ್ನ ಮೊದಲು ಹಾಕ್ಸಿ. ಐವತ್ತು ಅರವತ್ತು ಸಾವಿರ ಕಿಮೀ ನಮ್ಮ ರೋಡಲ್ಲಿ ಓಡಿದ ಗಾಡಿಗೆ ಹೊಸ ಬುಷ್ಷೇ ಒಂದು ಅಪ್‌ಗ್ರೇಡು.

ಆಮೇಲೆ ಶಾಕಪ್. ಸ್ಪ್ರಿಂಗ್ ಎಷ್ಟು ಒರಗ್ಬೇಕು ಅಂತ ಹೇಳತ್ತೆ, ಶಾಕಪ್ ಎಷ್ಟು ಬೇಗ ಒರಗ್ಬೇಕು ಅಂತ ಹೇಳತ್ತೆ, ಕೋನುಗಳ ಮಧ್ಯೆ ಎಡ ಬಲ ಎಡ ಬಲ ಅಂತ ಹೋಗೋವಾಗ ಒಂದು ಕಡೆ ನೆಲೆ ನಿಲ್ಲೋಕೆ ಟೈಮೇ ಸಿಗಲ್ಲ, ಹಾಗಾಗಿ ಆಟೋಕ್ರಾಸಲ್ಲಿ ಶಾಕಪ್ಪಿಗೆ ಬೇರೆ ರೇಸಿಂಗಿಗಿಂತ ಕೆಲಸ ಜಾಸ್ತಿ. ಅಮೆರಿಕದವರ ಸ್ಟ್ರೀಟ್ ಕ್ಲಾಸ್ ರೂಲ್ ನೋಡಿ, ಸ್ಪ್ರಿಂಗ್ ಮುಟ್ಟೋ ಹಾಗಿಲ್ಲ, ಶಾಕಪ್ ಬದಲಾಯಿಸ್ಬಹುದು, ಆಂಟಿ ರೋಲ್ ಬಾರ್ (ಎಡ ಬಲ ಚಕ್ರನ ಜೋಡಿಸಿ ಒರಗೋದನ್ನ ಕಮ್ಮಿ ಮಾಡೋ ಸರಳು) ಮುಂದಿಂದೋ ಹಿಂದಿಂದೋ ಒಂದು ಮಾತ್ರ ಬದಲಾಯಿಸ್ಬಹುದು. ಅಷ್ಟರಲ್ಲೇ ಜನ ಅದ್ಭುತವಾಗಿ ಓಡಿಸ್ತಾರೆ. ಕಡಿಮೆ ರೇಟಿನ ಕಾಯಿಲೋವರ್ (ಎತ್ತರ ಬದಲಾಯಿಸೋ ಹಾಗಿರೋ ಸ್ಪ್ರಿಂಗ್, ಶಾಕಪ್ ಜೋಡಿ) ಸೆಟ್ಟಿಗಿಂತ ಕಂಪನಿ ಸ್ಪ್ರಿಂಗ್ ಜೊತೆ ಒಳ್ಳೇ ಶಾಕಪ್ ಹಾಕಿರೋ ಗಾಡಿ ನನಗೆ ಯಾವತ್ತೂ ಇಷ್ಟ. ಕಾಯಿಲೋವರಲ್ಲಿ ಮೂವತ್ತೆರಡು ಕ್ಲಿಕ್ (ಗಟ್ಟಿತನ ಬದಲಾಯಿಸೋ ಹಂತ) ಇದೆ ಅಂತ ಮಾರ್ತಾರೆ, ನಾಲ್ಕೂ ಶಾಕಪ್ಪು ಒಂದೇ ಕ್ಲಿಕ್ಕಲ್ಲಿ ಒಂದೇ ಥರ ಕೆಲಸ ಮಾಡತ್ತಾ ಅಂತ ಕೇಳಿ, ಮೆಷಿನ್ನಲ್ಲಿ ಅಳೆದಿರೋ ಡೈನೋ ಶೀಟ್ ತೋರಿಸ್ರಿ ಅನ್ನಿ.

ಸ್ಪ್ರಿಂಗ್ ಬದಲಾಯಿಸ್ಲೇಬೇಕು ಅನ್ನೋರಿಗೆ ಒಂದು ಅಂದಾಜು. ಮುಂದಿನ ಒಂದು ಮೂಲೆ ಮೇಲೆ 280 ಕೆಜಿ ಕೂತಿದೆ ಅನ್ಕೊಳಿ, ಚಕ್ರದ ಹತ್ರ ಸ್ಪ್ರಿಂಗ್ ಗಟ್ಟಿತನ ಮಿಮೀಗೆ 20 ನ್ಯೂಟನ್ ಇದ್ರೆ ಗಾಡಿ ಸೆಕೆಂಡಿಗೆ 1.3 ಸಲ ತೂಗತ್ತೆ, ಮನೆ ಗಾಡಿ ಅಂದ್ರೆ ಇಷ್ಟು. 35 ಮಾಡಿದ್ರೆ 1.8 ಹತ್ರ ಬರತ್ತೆ, ದಿನಾ ಆಫೀಸಿಗೂ ಹೋಗಿ ಭಾನುವಾರ ಓಡಿಸೋ ಗಾಡಿಗೆ ಇಲ್ಲಿಗೆ ನಿಲ್ಲಿಸಿ. 60 ಮಾಡಿದ್ರೆ 2.3, ಅಮ್ಮನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋದ್ರೆ ವಾಪಸ್ ಬರೋವಾಗ ಅವರು ಆಟೋ ಹಿಡೀತಾರೆ. ಮಣ್ಣಲ್ಲಂತೂ ಗಟ್ಟಿ ಸ್ಪ್ರಿಂಗ್ ಬೇಡವೇ ಬೇಡ, ಅಲ್ಲಿ ಬೇಕಾಗಿರೋದು ಉದ್ದ ಟ್ರಾವೆಲ್ಲು, ಎತ್ತರ, ಇಂಜಿನ್ ಕೆಳಗೆ ಕಾಪಾಡೋಕೆ ಒಂದು ಗಟ್ಟಿ ಸಂಪ್ ಗಾರ್ಡು.

ಫ್ರಂಟ್ ವೀಲ್ ಡ್ರೈವ್ ಗಾಡಿಗೆ ಒಂದೇ ಒಂದು ಬಾರ್ ಹಾಕ್ಸೋದಾದ್ರೆ ಹಿಂದೆ ಹಾಕ್ಸಿ. ಒಟ್ಟು ತೂಕ ಆಚೆ ಹೋಗೋದು ಅಷ್ಟೇ ಇದ್ರೂ ಅದನ್ನ ಮುಂದೆ ಹಿಂದೆ ಹಂಚ್ಕೊಳ್ಳೋದು ಬಾರ್ ಕೈಲಿದೆ, ಹಿಂದೆ ಗಟ್ಟಿ ಮಾಡಿದ್ರೆ ಹಿಂದಿನ ಹೊರ ಚಕ್ರ ಜಾಸ್ತಿ ಹೊರತ್ತೆ, ಮುಂದಿನ ಒಳ ಚಕ್ರ ನೆಲ ಬಿಡಲ್ಲ, ಓಪನ್ ಡಿಫರೆನ್ಷಿಯಲ್ (ಹಿಡಿತ ಇಲ್ಲದ ಚಕ್ರ ಬೇರೆಯಾಗಿ ತಿರುಗೋಕೆ ಬಿಡೋ ಗೇರು) ಇರೋ ಗಾಡೀಲಿ ಆ ಒಳ ಚಕ್ರ ಸುಮ್ನೆ ತಿರುಗಿ ಹೊಗೆ ಬಿಡೋದು ಕಮ್ಮಿ ಆಗತ್ತೆ. ಟೈಟ್ ತಿರುವಲ್ಲಿ ಹಿಂದಿನ ಒಳ ಚಕ್ರ ನಾಯಿ ಕಾಲೆತ್ತಿದ ಹಾಗೆ ಮೇಲೇಳತ್ತೆ, ಫೋಟೋದಲ್ಲಿ ನೋಡಿರ್ತೀರ. ಅದು ಕೆಟ್ಟಿರೋ ಲಕ್ಷಣ ಅಲ್ಲ. ಮಳೇಲಿ ಓಡಿಸೋವಾಗ ಲಿಂಕ್ ರಾಡ್ ಬಿಚ್ಚಿಡೋ ಹಾಗಿರೋ ಬಾರ್ ತಗೊಳಿ, ಇಲ್ಲ ಅಂದ್ರೆ ಹಿಂಭಾಗ ಹೇಳದೆ ಕೇಳದೆ ಮುಂದಕ್ಕೆ ಬರತ್ತೆ.

ಬ್ರೇಕಿಗೆ ಬರೋಣ, ಬೇಗ ಮುಗಿಸ್ತೀನಿ. ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ ಕ್ಯಾಲಿಪರ್ ಇರೋದು ಶಾಖ ತಡ್ಕೊಳ್ಳೋಕೆ. ಒಂದು ಟನ್ ಗಾಡಿನ 140ರಿಂದ ನಿಲ್ಲಿಸಿದ್ರೆ ಬರೋ ಶಾಖದಲ್ಲಿ ಕಾಲು ಭಾಗ ಅಷ್ಟೇ 70ರಿಂದ ನಿಲ್ಲಿಸಿದ್ರೆ ಬರೋದು, ಅದೂ ಒಂದು ನಿಮಿಷದ ರನ್ನು, ಆಮೇಲೆ ಹತ್ತು ನಿಮಿಷ ಕ್ಯೂಲಿ ನಿಂತಿರ್ತೀರ. ಪೆಡಲ್ ಒತ್ತಿ ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ತಡೆಯೋ ಸಿಸ್ಟಮ್) ಟರ್ರ್ ಅನ್ನಿಸೋ ಶಕ್ತಿ ನಿಮ್ಮ ಕಂಪನಿ ಬ್ರೇಕಿಗೆ ಈಗಾಗಲೇ ಇದೆ ಅಂದ್ರೆ ಅಲ್ಲಿಂದಾಚೆ ಟೈರಿನ ಕೆಲಸ. ದೊಡ್ಡ ಕಿಟ್ ಹಾಕಿದ್ರೆ ಚಕ್ರದ ತೂಕ ಏರತ್ತೆ, ಅದು ಕೂರೋಕೆ ಮತ್ತೆ ದೊಡ್ಡ ವೀಲ್ ಬೇಕು, ಅಲ್ಲಿಗೆ ಈ ಹೊತ್ತು ನಾನು ಹೇಳಿದ್ದೆಲ್ಲ ಉಲ್ಟಾ ಆಯ್ತು.

ಪ್ಯಾಡ್ ಹಾಕ್ಸಿ, ಆದ್ರೆ ತಣ್ಣಗಿರೋವಾಗಲೇ ಕಚ್ಚೋ ಪ್ಯಾಡು. ಸರ್ಕ್ಯೂಟ್ ರೇಸಿನ ಪ್ಯಾಡು ಬಿಸಿ ಆಗೋ ತನಕ ಮರದ ತುಂಡು, ಆಟೋಕ್ರಾಸಲ್ಲಿ ಅದು ಬಿಸಿ ಆಗೋ ಹೊತ್ತಿಗೆ ಫಿನಿಶ್ ಲೈನ್ ದಾಟಿರ್ತೀರ. ಬ್ರೇಕ್ ಆಯಿಲ್ ಬದಲಾಯಿಸಿ, ಅದು ಗಾಳಿಯ ತೇವ ಹೀರ್ಕೊಳ್ಳತ್ತೆ, ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ತನಕ ಕುದಿಯಲ್ಲ, ತೇವ ಕುಡಿದ ಮೇಲೆ ಅದೇ ಮಟ್ಟ 155ಕ್ಕೆ ಇಳಿಯತ್ತೆ. ಮಲೆನಾಡು ಕಡೆಯವರು ಮಳೆಗಾಲ ಕಳೆದ ಮೇಲೆ ಒಂದ್ಸಲ ಮಾಡ್ಸಿದ್ರೆ ಒಳ್ಳೇದು. ಡಾಟ್ 5 ಅಂತ ಸಿಲಿಕಾನಿಂದು ಒಂದು ಬರತ್ತೆ, ನಂಬರ್ ದೊಡ್ಡದು ಅಂತ ಅದನ್ನ ಇದಕ್ಕೆ ಬೆರೆಸ್ಬೇಡಿ. ಹಿಂದಿನ ಡ್ರಮ್ ಬಿಚ್ಚಿ ಶೂ ಅಡ್ಜಸ್ಟ್ ಮಾಡ್ಸಿ, ಮಣ್ಣಲ್ಲಿ ಹ್ಯಾಂಡ್ ಬ್ರೇಕ್ ತಿರುವು ಹೊಡೆಯೋಕೆ ಅದು ನಾಲ್ಕೈದು ಹಲ್ಲಲ್ಲೇ ಕಚ್ಬೇಕು. ಎಬಿಎಸ್ ಬಗ್ಗೆ ಯಾರೋ ಚೀಟಿ ಕಳಿಸಿದೀರ. ಪುಡಿ ಮಣ್ಣಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಮಣ್ಣಿನ ಗುಡ್ಡೆ ಮಾಡ್ಕೊಂಡು ನಿಲ್ಲತ್ತೆ, ಎಬಿಎಸ್ ಅದಕ್ಕೆ ಬಿಡಲ್ಲ, ಹಾಗಾಗಿ ದೂರ ಜಾಸ್ತಿ ಬೇಕಾಗತ್ತೆ, ನಿಜ. ಫ್ಯೂಸ್ ಕೀಳ್ಬಹುದಾ ಅನ್ನೋದು ಈವೆಂಟಿನ ರೂಲು, ಎಂಟ್ರಿ ಕೊಡೋ ಮುಂಚೆ ಓದ್ಕೊಳಿ, ವಾಪಸ್ ರೋಡಿಗೆ ಇಳಿಯೋವಾಗ ಹಾಕೋದು ಮರೀಬೇಡಿ.

ರೂಲು ಅಂದ್ಮೇಲೆ ಇನ್ನೊಂದು. ಒಂದು ಪಾರ್ಟ್ ಹಾಕಿದ್ದಕ್ಕೆ ಸ್ಟಾಕ್ ಕ್ಲಾಸಿಂದ ಮೇಲಿನ ಕ್ಲಾಸಿಗೆ ಹೋಗಿ ಬೀಳ್ಬಹುದು, ಅಲ್ಲಿ ಪೂರ್ತಿ ರೆಡಿ ಆಗಿರೋ ಗಾಡಿಗಳ ಜೊತೆ ನೀವು. ರೋಡಿನ ಕಾನೂನು ಬೇರೇನೇ ಇದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಅದರ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಂಪನಿ ಸ್ಪೆಸಿಫಿಕೇಷನ್ ದಾಟಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಹೇಳಿದೆ. ಈವೆಂಟಿನ ವೀಲ್ ಟೈರನ್ನ ಬೇರೆ ಗಾಡೀಲಿ ತಗೊಂಡು ಹೋಗಿ ಅಲ್ಲೇ ಹಾಕ್ಕೊಳ್ಳೋದು ತಲೆನೋವಿಲ್ಲದ ದಾರಿ, ಟೈರೂ ಉಳಿಯತ್ತೆ.

ಕೊನೇ ಪ್ರಶ್ನೆ, ಇಬ್ಬರು ಅಣ್ಣ ತಮ್ಮಂದಿರು ಒಂದೇ ಗಾಡೀಲಿ ಎಂಟ್ರಿ ಕೊಟ್ರೆ ಬ್ರೇಕ್ ಬಿಸಿ ಆಗಲ್ವಾ ಅಂತ. ಬ್ರೇಕಿಗಿಂತ ಮೊದಲು ಟೈರ್ ಬಿಸಿ ಆಗತ್ತೆ, ಮೆತ್ತನೆ ರಬ್ಬರ್ ಒಂದು ಹಂತ ದಾಟಿದ್ರೆ ಜಾರೋಕೆ ಶುರು. ತೋಟಕ್ಕೆ ಔಷಧಿ ಹೊಡೆಯೋ ಪಂಪ್ ಸ್ಪ್ರೇಯರ್ ಸಿಗತ್ತಲ್ಲ, ಔಷಧಿ ಹಾಕದೇ ಇರೋ ಹೊಸದು ಒಂದು ತಗೊಳಿ, ಅಣ್ಣ ಇಳಿದು ತಮ್ಮ ಹತ್ತೋ ಗ್ಯಾಪಲ್ಲಿ ಮುಂದಿನ ಎರಡು ಟೈರಿಗೆ ನೀರು ಹೊಡೀರಿ, ಗಾಡಿ ಸ್ವಲ್ಪ ಮುಂದಕ್ಕೆ ತಳ್ಳಿ ಉಳಿದ ಭಾಗಕ್ಕೂ ಹೊಡೀರಿ, ಗಾಳಿನೂ ನೋಡಿ, ಎರಡು ಮೂರು ಪಿಎಸ್‌ಐ ಏರಿರತ್ತೆ, ಇಳಿಸ್ಕೊಳಿ. ಸ್ಟಾರ್ಟ್ ಲೈನಿಗೆ ಹೋಗೋ ಮುಂಚೆ ಕೈ ಇಟ್ಟು ನೋಡಿ, ಪಟ್ಟಿ ಇನ್ನೂ ಒದ್ದೆ ಇದ್ರೆ ಮೊದಲನೇ ಕೋನಿಗೇ ಗತಿ ಕಾಣಿಸ್ತೀರ.